ಜರ್ಮನಿಗೆ ಬಂದ ಹೊಸಬರಿಗೆ: ಇಲ್ಲಿನ ಜನ, ಇಲ್ಲಿನ ಧರ್ಮ, ನಿಮ್ಮ ಸಂಬಳದ ಚೀಟಿ

ಇದು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿರುವ ನಮ್ಮ ಕನ್ನಡ ಸಂಘ ಹೊಸಬರಿಗಾಗಿ ಬರೆದದ್ದು. ಮನೆ ಸಿಕ್ಕಿ ಸಾಮಾನು ಇಳಿಸಿದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ನೋಂದಾಯಿಸಬೇಕು. ಅದೇ ಅನ್ಮೆಲ್ಡುಂಗ್. ಮನೆ ಮಾಲೀಕರು ಸಹಿ ಹಾಕಿದ ಕಾಗದ, ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರ, ಇಷ್ಟು ಕೈಯಲ್ಲಿರಲಿ. ಇದನ್ನೆಲ್ಲ ನಿಮ್ಮ ಕಂಪನಿಯ ಎಚ್‌ಆರ್‌ನವರು ಹೇಳಿಯೇ ಇರುತ್ತಾರೆ. ಅವರು ಹೇಳಲು ಮರೆಯುವುದು ಆ ಫಾರಂನ ಒಂದು ಚಿಕ್ಕ ಅಂಕಣದ ಬಗ್ಗೆ. ಧರ್ಮ ಯಾವುದು ಎಂದು ಕೇಳುವ ಅಂಕಣ.

ಊರಲ್ಲಿ ಮಕ್ಕಳನ್ನು ಶಾಲೆಗೆ ಸೇರಿಸುವಾಗ, ಜನಗಣತಿಯವರು ಬಂದಾಗ ಈ ಪ್ರಶ್ನೆಗೆ ಉತ್ತರ ಕೊಟ್ಟು ನಮಗೆ ಅಭ್ಯಾಸ. ಹಾಗಾಗಿ ಯೋಚನೆ ಮಾಡದೆ ಬರೆದುಬಿಡುತ್ತೇವೆ. ಇಲ್ಲಿ ಒಂದು ನಿಮಿಷ ನಿಲ್ಲಿ. ಆ ಅಂಕಣದಲ್ಲಿ ಬರೆದದ್ದು ತೆರಿಗೆ ಇಲಾಖೆಗೆ ಹೋಗುತ್ತದೆ, ಅಲ್ಲಿಂದ ನಿಮ್ಮ ಸಂಬಳದ ಚೀಟಿಗೆ ಬರುತ್ತದೆ. ನೀವು ಕ್ಯಾಥೊಲಿಕ್ ಅಥವಾ ಪ್ರೊಟೆಸ್ಟೆಂಟ್ ಎಂದು ಬರೆದರೆ ತಿಂಗಳು ತಿಂಗಳು ಚರ್ಚಿನ ತೆರಿಗೆ ಕಡಿತವಾಗುತ್ತದೆ. ಅದಕ್ಕೆ ಕಿರ್ಖೆನ್‌ಸ್ಟೋಯರ್ ಅನ್ನುತ್ತಾರೆ.

ಹಿಂದೂ, ಲಿಂಗಾಯತ, ಜೈನ, ಸಿಖ್ ಮನೆಯವರು ಇಲ್ಲಿ ‘ಕೈನೆ’, ಅಂದರೆ ಯಾವುದೂ ಇಲ್ಲ ಎಂದು ಬರೆಯಬಹುದು. ಮುಸ್ಲಿಂ ಕುಟುಂಬಗಳೂ ಅಷ್ಟೇ. ದೇವರನ್ನು ನಂಬುತ್ತೀರಾ ಇಲ್ಲವಾ ಎಂದು ಅವರು ಕೇಳುತ್ತಿಲ್ಲ. ತೆರಿಗೆ ಎತ್ತುವ ಹಕ್ಕು ಪಡೆದ ಧಾರ್ಮಿಕ ಸಂಸ್ಥೆಯ ಸದಸ್ಯರೇ ಅನ್ನುವುದಷ್ಟೇ ಅವರಿಗೆ ಬೇಕು. ಮನೆಯಲ್ಲಿ ದಿನಾ ಪೂಜೆ ಮಾಡಿ, ನಮಾಜು ಮಾಡಿ, ಅದಕ್ಕೂ ಈ ಅಂಕಣಕ್ಕೂ ಸಂಬಂಧವಿಲ್ಲ. ‘ಯಾವುದೂ ಇಲ್ಲ ಅಂತ ಬರೆದರೆ ಪಾಪ ಅಲ್ವಾ’ ಎಂದು ಕೇಳುವ ಅಮ್ಮಂದಿರಿಗೆ ಇದನ್ನೇ ಹೇಳಿ ಸಮಾಧಾನ ಮಾಡಿ.

ಮಂಗಳೂರು, ಉಡುಪಿ ಕಡೆಯ ಕ್ರೈಸ್ತ ಕುಟುಂಬಗಳು ಮಾತ್ರ ಈ ಭಾಗವನ್ನು ನಿಧಾನವಾಗಿ ಓದಿ. ಕ್ಯಾಥೊಲಿಕ್ ಆಗಿ ದೀಕ್ಷಾಸ್ನಾನ ಪಡೆದವರನ್ನು ಇಲ್ಲಿನ ಚರ್ಚು ತನ್ನ ಸದಸ್ಯರೆಂದೇ ಎಣಿಸುತ್ತದೆ. ಚರ್ಚಿನ ತೆರಿಗೆ ಬಾಡೆನ್-ವ್ಯುರ್ಟೆಂಬೆರ್ಗ್ ಮತ್ತು ಬವೇರಿಯಾದಲ್ಲಿ ನಿಮ್ಮ ಆದಾಯ ತೆರಿಗೆಯ ಶೇ. 8, ಉಳಿದ ರಾಜ್ಯಗಳಲ್ಲಿ ಶೇ. 9. ಗಮನಿಸಿ, ಇದು ಸಂಬಳದ ಮೇಲಲ್ಲ, ತೆರಿಗೆಯ ಮೇಲಿನ ತೆರಿಗೆ. ತಿಂಗಳಿಗೆ 500 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ಸ್ಟುಟ್‌ಗಾರ್ಟ್‌ನಲ್ಲಿ 40 ಯೂರೋ, ಬರ್ಲಿನ್‌ನಲ್ಲಿ 45 ಯೂರೋ ಹೋಗುತ್ತದೆ. ವರ್ಷದ ಕೊನೆಗೆ ತೆರಿಗೆ ಲೆಕ್ಕ ಸಲ್ಲಿಸುವಾಗ ಈ ಮೊತ್ತವನ್ನು ತೋರಿಸಿದರೆ ಸ್ವಲ್ಪ ಹಣ ವಾಪಸ್ ಬರುತ್ತದೆ. ಅದನ್ನು ಬಿಡಬೇಡಿ. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಸದಸ್ಯರಾಗಿ, ಇಬ್ಬರೂ ಒಟ್ಟಿಗೆ ತೆರಿಗೆ ಲೆಕ್ಕ ಕೊಟ್ಟರೆ ಕೆಲವು ಕಡೆ ಬೇರೊಂದು ಶುಲ್ಕವೂ ಬೀಳುತ್ತದೆ.

ಹಣ ಉಳಿಯಲಿ ಎಂದು ಸುಳ್ಳು ಬರೆಯುವ ಸಲಹೆಯನ್ನು ಫೇಸ್‌ಬುಕ್ ಗುಂಪುಗಳಲ್ಲಿ ಕೊಡುವವರಿದ್ದಾರೆ. ನಾವು ಕೊಡುವುದಿಲ್ಲ. ಬರ್ಲಿನ್‌ನಂಥ ಕಡೆ ವರ್ಷಗಳ ಮೇಲೆ ಚರ್ಚಿನ ತೆರಿಗೆ ವಿಭಾಗದಿಂದ ಪ್ರಶ್ನೆಗಳ ಕಾಗದ ಬರುವುದುಂಟು. ಬೇಡ ಅನ್ನಿಸಿದರೆ ಕಾನೂನು ಪ್ರಕಾರ ಹೊರಬರುವ ದಾರಿಯಿದೆ. ನಮ್ಮ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ ಜನನ ಮರಣ ದಾಖಲೆ ಇಡುವ ಸ್ಟಾಂಡೆಸ್‌ಆಮ್ಟ್ ಕಚೇರಿಯಲ್ಲಿ, ಬರ್ಲಿನ್ ಮತ್ತು ನಾರ್ಡ್‌ರೈನ್-ವೆಸ್ಟ್‌ಫಾಲೆನ್‌ನಲ್ಲಿ ಸ್ಥಳೀಯ ನ್ಯಾಯಾಲಯದಲ್ಲಿ ಅರ್ಜಿ ಕೊಡಬೇಕು. ಆದರೆ ಕ್ಯಾಥೊಲಿಕ್ ಚರ್ಚು ಇದನ್ನು ಲಘುವಾಗಿ ತೆಗೆದುಕೊಳ್ಳುವುದಿಲ್ಲ. ಹೊರಬಂದವರಿಗೆ ಪರಮಪ್ರಸಾದವಿಲ್ಲ, ಇನ್ನೊಬ್ಬರ ಮಗುವಿನ ದೀಕ್ಷಾಸ್ನಾನಕ್ಕೆ ದೇವಮಾತಾಪಿತರಾಗಿ ನಿಲ್ಲುವಂತಿಲ್ಲ. ನರ್ಸ್ ಕೆಲಸಕ್ಕೆ ಬಂದ ನಮ್ಮ ಹುಡುಗಿಯರು ಇನ್ನೂ ಒಂದು ವಿಷಯ ತಿಳಿದಿರಿ. ಇಲ್ಲಿನ ಎಷ್ಟೋ ಆಸ್ಪತ್ರೆ, ವೃದ್ಧಾಶ್ರಮಗಳನ್ನು ನಡೆಸುವುದು ಕ್ಯಾಥೊಲಿಕರ ಕಾರಿಟಾಸ್ ಮತ್ತು ಪ್ರೊಟೆಸ್ಟೆಂಟರ ಡಿಯಾಕೊನೀ. ಅಂಥ ಕಡೆ ಕೆಲಸದಲ್ಲಿದ್ದು ಚರ್ಚು ಬಿಟ್ಟರೆ ಕೆಲಸಕ್ಕೇ ತೊಂದರೆಯಾಗಬಹುದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಫಾರಂ ತುಂಬುವ ಮೊದಲು ಹತ್ತಿರದ ಪ್ರೊಟೆಸ್ಟೆಂಟ್ ಪಾದ್ರಿಯವರನ್ನು ಕೇಳಿಕೊಂಡರೆ ಒಳ್ಳೆಯದು.

ಈ ಪದ್ಧತಿ ಹೇಗೆ ಬಂತು

1517ರಲ್ಲಿ ವಿಟೆನ್‌ಬೆರ್ಗ್‌ನಲ್ಲಿ ಪಾದ್ರಿ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ಎತ್ತಿದ ಪ್ರಶ್ನೆಗಳಿಂದ ಈ ನಾಡು ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎಂದು ಎರಡು ಪಂಗಡವಾಯಿತು. 1555ರಲ್ಲಿ ಆಗ್ಸ್‌ಬುರ್ಗ್‌ನಲ್ಲಿ ಒಂದು ಒಪ್ಪಂದವಾಯಿತು: ಯಾವ ಸೀಮೆಯನ್ನು ಯಾರು ಆಳುತ್ತಾರೋ ಅವರ ಪಂಗಡವೇ ಪ್ರಜೆಗಳದ್ದೂ. ಅದೂ ಸಾಲದೆ 1618ರಿಂದ 1648ರವರೆಗೆ ಮೂವತ್ತು ವರ್ಷ ಯುದ್ಧವೂ ನಡೆಯಿತು. ಆಗಿನ ದೊರೆಗಳ ಗಡಿಗಳು ಇವತ್ತಿಗೂ ಧರ್ಮದ ನಕ್ಷೆಯಲ್ಲಿ ಕಾಣುತ್ತವೆ. ಬವೇರಿಯಾ, ರೈನ್ ನದಿಯ ದಂಡೆ ಕ್ಯಾಥೊಲಿಕ್. ಉತ್ತರ ಪ್ರೊಟೆಸ್ಟೆಂಟ್. ನಮ್ಮ ರಾಜ್ಯ ಎರಡೂ. ಸ್ಟುಟ್‌ಗಾರ್ಟ್ ಸುತ್ತ ಪ್ರೊಟೆಸ್ಟೆಂಟರು, ದಕ್ಷಿಣಕ್ಕೆ ಓಬರ್‌ಶ್ವಾಬೆನ್ ಕಡೆ ಹೋದರೆ ಕ್ಯಾಥೊಲಿಕರು.

ಈ ಸ್ಟುಟ್‌ಗಾರ್ಟ್ ಸೀಮೆಯ ಪ್ರೊಟೆಸ್ಟೆಂಟರಿಗೂ ಕನ್ನಡಕ್ಕೂ ಹಳೆಯ ನಂಟಿದೆ. ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದು 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇಲ್ಲಿಗೆ ಹತ್ತಿರದ ಬ್ರಾಕೆನ್‌ಹೈಮ್‌ನಲ್ಲಿ. ನಿಘಂಟಿನ ಕಿಟ್ಟೆಲ್ ಉತ್ತರದ ಸಮುದ್ರ ತೀರದವರಾದರೂ ಕೊನೆಗಾಲ ಕಳೆದು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. ಅಪ್ಪ ಅಮ್ಮ ಬಂದಾಗ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳುವವರಿಗೆ ಟ್ಯೂಬಿಂಗೆನ್ ಒಳ್ಳೆಯ ಜಾಗ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ.

ಚರ್ಚಿಗೆ ತೆರಿಗೆ ಎತ್ತುವ ಹಕ್ಕು 1919ರ ವೈಮಾರ್ ಸಂವಿಧಾನದಲ್ಲಿತ್ತು. 1949ರಲ್ಲಿ ಈಗಿನ ಸಂವಿಧಾನ ಬರೆದವರು ಆ ವಿಧಿಗಳನ್ನು ಹಾಗೇ ಉಳಿಸಿಕೊಂಡರು. ಅವುಗಳ ಜೊತೆ ಉಳಿದ ಇನ್ನೊಂದು ವಿಧಿ ಭಾನುವಾರದ್ದು. ಭಾನುವಾರ ವಿಶ್ರಾಂತಿಯ ದಿನ ಎಂದು ಸಂವಿಧಾನವೇ ಕಾಪಾಡುತ್ತದೆ. ಅದಕ್ಕೇ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹಾಲು, ಮೊಸರು, ತರಕಾರಿ ಶನಿವಾರವೇ ತಂದಿಡಿ. ಭಾನುವಾರ ಗೋಡೆಗೆ ಡ್ರಿಲ್ ಹಾಕುವುದು, ವ್ಯಾಕ್ಯೂಮ್ ಕ್ಲೀನರ್ ಓಡಿಸುವುದು ಬೇಡ. ಕೆಳಗಿನ ಮನೆಯವರು ಚರ್ಚಿಗೆ ಕಾಲಿಟ್ಟೇ ಇಪ್ಪತ್ತು ವರ್ಷವಾಗಿರಬಹುದು, ಆದರೂ ಬಂದು ಬಾಗಿಲು ತಟ್ಟುತ್ತಾರೆ.

ಈಗ ಎಷ್ಟು ಜನ, ಯಾವ ಧರ್ಮದವರು

ಜರ್ಮನಿಯ ಜನಸಂಖ್ಯೆ 2024ರ ಕೊನೆಗೆ ಸುಮಾರು 8 ಕೋಟಿ 36 ಲಕ್ಷ. 2011ರ ಗಣತಿಯಲ್ಲಿ ಕರ್ನಾಟಕದ್ದು 6 ಕೋಟಿ 11 ಲಕ್ಷವಿತ್ತು. ವಿಸ್ತೀರ್ಣದಲ್ಲಿ ಜರ್ಮನಿ ಕರ್ನಾಟಕದ ಎರಡರಷ್ಟಕ್ಕೆ ಸ್ವಲ್ಪ ಕಮ್ಮಿ. ಇಲ್ಲಿನ ಕೊನೆಯ ಜನಗಣತಿ ನಡೆದದ್ದು 2022ರ ಮೇ ತಿಂಗಳಲ್ಲಿ. ಎಣಿಸಿ ನೋಡಿದರೆ ಅಂದುಕೊಂಡದ್ದಕ್ಕಿಂತ ಸುಮಾರು 14 ಲಕ್ಷ ಜನ ಕಮ್ಮಿ ಇದ್ದರು! ದೇಶ ಬಿಟ್ಟು ಹೋದವರಲ್ಲಿ ಎಷ್ಟೋ ಜನ ಕಚೇರಿಗೆ ತಿಳಿಸದೇ ಹೋಗಿದ್ದರು. ನೀವೂ ಮುಂದೆ ಊರಿಗೆ ಮರಳುವಾಗ ಹೆಸರು ತೆಗೆಸಿ ಹೋಗಿ. ಇಲ್ಲದಿದ್ದರೆ ರೇಡಿಯೋ ಟಿವಿ ಶುಲ್ಕದ ಬಿಲ್ ಹಿಂದೆಯೇ ಬರುತ್ತಿರುತ್ತದೆ.

ಧರ್ಮದ ಲೆಕ್ಕಕ್ಕೆ ಬಂದರೆ, 1990ರಲ್ಲಿ ಪೂರ್ವ, ಪಶ್ಚಿಮ ಎರಡೂ ಜರ್ಮನಿಗಳು ಒಂದಾದಾಗ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನ ಎರಡರಲ್ಲಿ ಒಂದು ಚರ್ಚಿನ ಸದಸ್ಯರಾಗಿದ್ದರು. 2024ರ ಕೊನೆಗೆ ಕ್ಯಾಥೊಲಿಕರು ಸುಮಾರು 1 ಕೋಟಿ 98 ಲಕ್ಷ, ಪ್ರೊಟೆಸ್ಟೆಂಟರು ಸುಮಾರು 1 ಕೋಟಿ 80 ಲಕ್ಷ. ಅಂದರೆ ಇಬ್ಬರನ್ನೂ ಸೇರಿಸಿದರೂ ಅರ್ಧಕ್ಕಿಂತ ಕಮ್ಮಿ. 2022 ಒಂದೇ ವರ್ಷದಲ್ಲಿ 5 ಲಕ್ಷ 22 ಸಾವಿರ ಜನ ಕ್ಯಾಥೊಲಿಕ್ ಚರ್ಚು ಬಿಟ್ಟರು. ಪಾದ್ರಿಗಳು ಮಕ್ಕಳಿಗೆ ಕೊಟ್ಟ ಲೈಂಗಿಕ ಕಿರುಕುಳದ ವರದಿಗಳು ಒಂದರ ಹಿಂದೆ ಒಂದು ಬಂದ ಕಾಲ ಅದು. ಸಂಬಳದ ಚೀಟಿಯ ಆ ಸಾಲು ಕೂಡ ಒಂದು ಕಾರಣ ಎಂದು ಇಲ್ಲಿನವರೇ ಹೇಳುತ್ತಾರೆ. ಮೊದಲ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆ ಕಡಿತ ನೋಡಿ ಎಚ್ಚೆತ್ತುಕೊಳ್ಳುತ್ತಾರೆ. ಇನ್ನೊಂದು ಕಡೆ, ಚರ್ಚು ತುಂಬಿಸುವ ವಯಸ್ಸಾದವರು ತೀರಿಕೊಳ್ಳುತ್ತಿದ್ದಾರೆ, ದೀಕ್ಷಾಸ್ನಾನಕ್ಕೆ ಬರುವ ಕೂಸುಗಳು ಕಡಿಮೆ.

ಪೂರ್ವ ಜರ್ಮನಿಯ ಕಥೆಯೇ ಬೇರೆ. ಅಲ್ಲಿ ನಲವತ್ತು ವರ್ಷ ಕಮ್ಯುನಿಸ್ಟ್ ಸರ್ಕಾರವಿತ್ತು. ಚರ್ಚಿಗೆ ಹೋಗುವ ಮಕ್ಕಳಿಗೆ ಕಾಲೇಜು ಸೀಟು ಸಿಗುವುದೂ ಕಷ್ಟವಾಗಿತ್ತು. ಈಗ ಸಾಕ್ಸೆನ್-ಆನ್‌ಹಾಲ್ಟ್ ರಾಜ್ಯದಲ್ಲಿ ಬಹುಪಾಲು ಜನ ಯಾವ ಚರ್ಚಿಗೂ ಸೇರಿಲ್ಲ. ಲೂಥರ್ ಹುಟ್ಟಿದ ಊರು, ಪಾಠ ಮಾಡಿದ ಊರು ಎರಡೂ ಇರುವುದು ಅದೇ ರಾಜ್ಯದಲ್ಲಿ! ಲೈಪ್‌ಜಿಗ್, ಡ್ರೆಸ್ಡೆನ್ ಕಡೆ ಕೆಲಸ ಸಿಕ್ಕವರು ಸಹೋದ್ಯೋಗಿಗಳ ಹತ್ತಿರ ‘ನಿಮ್ಮ ಧರ್ಮ ಯಾವುದು’ ಎಂದು ಕೇಳಬೇಡಿ. ಪಶ್ಚಿಮದಲ್ಲೂ ಕೇಳಬೇಡಿ. ಇಲ್ಲಿ ಅದು ಸಂಬಳ ಎಷ್ಟು ಎಂದು ಕೇಳುವುದಕ್ಕಿಂತ ಖಾಸಗಿ ವಿಷಯ.

ಮುಸ್ಲಿಮರು ಸುಮಾರು 53 ರಿಂದ 56 ಲಕ್ಷ ಎಂದು ಸರ್ಕಾರದ ವಲಸೆ ಇಲಾಖೆಯ ಅಧ್ಯಯನ ಅಂದಾಜು ಮಾಡಿದೆ. 1961ರಲ್ಲಿ ಟರ್ಕಿಯ ಜೊತೆ ಆದ ಒಪ್ಪಂದದ ಮೇಲೆ ಕಾರ್ಖಾನೆ ಕೆಲಸಕ್ಕೆ ಬಂದವರು ಇಲ್ಲೇ ನೆಲೆಸಿದರು. ಆಮೇಲೆ ಬೋಸ್ನಿಯಾ, ಸಿರಿಯಾ, ಅಫ್ಘಾನಿಸ್ತಾನದಿಂದ ಜನ ಬಂದರು. ಭಟ್ಕಳ, ಮಂಗಳೂರಿನ ಕುಟುಂಬಗಳಿಗೆ ಹಲಾಲ್ ಅಂಗಡಿ ಹುಡುಕುವುದು ಕಷ್ಟವೇ ಅಲ್ಲ. ನಮಗೆ ಕೊತ್ತಂಬರಿ ಸೊಪ್ಪು, ಬದನೆಕಾಯಿ, ಬೆಂಡೆಕಾಯಿ ಅಗ್ಗಕ್ಕೆ ಸಿಗುವುದೂ ಆ ಟರ್ಕಿಯವರ ಅಂಗಡಿಗಳಲ್ಲೇ.

ಹಿಂದೂಗಳಲ್ಲಿ ಮೊದಲು ದೊಡ್ಡ ಸಂಖ್ಯೆಯಲ್ಲಿ ಬಂದವರು ಭಾರತದವರಲ್ಲ. ಯುದ್ಧದಿಂದ ತಪ್ಪಿಸಿಕೊಂಡು ಬಂದ ಶ್ರೀಲಂಕಾದ ತಮಿಳರು. ಹಾಮ್ ನಗರದ ಉಎನ್‌ಟ್ರೋಪ್‌ನಲ್ಲಿರುವ ಶ್ರೀ ಕಾಮಾಕ್ಷಿ ಅಂಬಾಳ್ ದೇವಸ್ಥಾನ ಅವರು ಕಟ್ಟಿದ್ದು. 2002ರಲ್ಲಿ ಕುಂಭಾಭಿಷೇಕವಾಯಿತು. ನಿಜವಾದ ಗೋಪುರವಿದೆ, ಬೇಸಿಗೆಯಲ್ಲಿ ತೇರು ಎಳೆಯುತ್ತಾರೆ, ಸಾವಿರಾರು ಜನ ಸೇರುತ್ತಾರೆ. ಒಮ್ಮೆ ಹೋಗಿಬನ್ನಿ.

ಯಹೂದಿಗಳ ಸಂಖ್ಯೆಯನ್ನು ಮಾತ್ರ ಬರೀ ಅಂಕಿಯಾಗಿ ಓದಬೇಡಿ. 1933ರಲ್ಲಿ ಇಲ್ಲಿ 5 ಲಕ್ಷ ಯಹೂದಿಗಳಿದ್ದರು. ಇಂದು ಅವರ ಧಾರ್ಮಿಕ ಸಂಸ್ಥೆಗಳಲ್ಲಿ ಲಕ್ಷಕ್ಕೂ ಕಮ್ಮಿ ಜನ ಇದ್ದಾರೆ. ಅವರಲ್ಲೂ ಹೆಚ್ಚಿನವರು 1990ರ ನಂತರ ಹಳೆಯ ಸೋವಿಯತ್ ದೇಶಗಳಿಂದ ಬಂದವರು. ನಡೆಯುವಾಗ ಫುಟ್‌ಪಾತ್‌ನಲ್ಲಿ ಚಿಕ್ಕ ಹಿತ್ತಾಳೆ ಫಲಕಗಳು ಕಾಣುತ್ತವೆ. ಆ ಮನೆಯಿಂದ ನಾಜಿಗಳು ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಕೊಂದ ಜಾಗ ಅದರಲ್ಲಿರುತ್ತದೆ.

ಇದರಿಂದಲೇ ನಮಗೆ ಒಂದು ಎಚ್ಚರಿಕೆ ಬೇಕು. ಹೊಸ ಕಾರಿಗೆ ಪೂಜೆ ಮಾಡಿಸಿ ಬಾನೆಟ್ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆಯಬೇಡಿ. ಮನೆ ಬಾಗಿಲ ಮೇಲೆ, ಮೆಟ್ಟಿಲ ಹತ್ತಿರದ ರಂಗೋಲಿಯಲ್ಲಿ, ಗೃಹಪ್ರವೇಶದ ಆಮಂತ್ರಣದಲ್ಲಿ ಬೇಡ. ನಾಜಿ ಚಿಹ್ನೆ ತೋರಿಸುವುದು ಇಲ್ಲಿ ಅಪರಾಧ, ಮೂರು ವರ್ಷದವರೆಗೆ ಜೈಲಾಗಬಹುದು. ನಮ್ಮದು ಮಂಗಳದ ಗುರುತು, ಸಾವಿರಾರು ವರ್ಷ ಹಳೆಯದು ಎಂಬ ವಾದ ಸರಿಯೇ. ನ್ಯಾಯಾಲಯ ಒಪ್ಪಲೂಬಹುದು. ಆದರೆ ಎದುರು ಮನೆಯ ಎಂಬತ್ತು ವರ್ಷದ ಅಜ್ಜಿಗೆ ಬೆಳಿಗ್ಗೆ ಬಾಗಿಲು ತೆಗೆದಾಗ ಅದು ಕಂಡರೆ ಏನಾಗುತ್ತದೆ ಯೋಚಿಸಿ. ದೇವರ ಮನೆಯ ಒಳಗೆ ಬರೆದುಕೊಳ್ಳಿ, ಸಾಕು. ಓಂ, ಪದ್ಮ, ತೋರಣ ಯಾವುದಕ್ಕೂ ತಕರಾರಿಲ್ಲ. ಹಾಗೇ, ಧೂಪ ಹೋಮಕ್ಕೆ ಮೊದಲು ಛಾವಣಿಯ ಹೊಗೆ ಅಲಾರಂ ನೆನಪಿರಲಿ.

ರಜೆಗಳು, ಮತ್ತು ರಾಜ್ಯೋತ್ಸವ ಯಾಕೆ ನವೆಂಬರ್ 1ಕ್ಕೆ ಇಲ್ಲ

ಇಡೀ ದೇಶಕ್ಕೆ ಒಂದೇ ಆದ ರಜೆಗಳು 9. ಉಳಿದವು ಆಯಾ ರಾಜ್ಯದ ಪಂಗಡವನ್ನು ನೋಡಿಕೊಂಡು ಬರುತ್ತವೆ. ನಮ್ಮ ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ 12, ಬರ್ಲಿನ್‌ನಲ್ಲಿ 10. ಆಗ್ಸ್‌ಬುರ್ಗ್ ನಗರದವರಿಗೆ ಆಗಸ್ಟ್ 8ರ ಶಾಂತಿ ಹಬ್ಬವೂ ಸೇರಿ ದೇಶದಲ್ಲೇ ಎಲ್ಲರಿಗಿಂತ ಜಾಸ್ತಿ. ಬವೇರಿಯಾದಲ್ಲಿ ಆಗಸ್ಟ್ 15, ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬ, ಕ್ಯಾಥೊಲಿಕರು ಹೆಚ್ಚಿರುವ ಊರುಗಳಲ್ಲಿ ಮಾತ್ರ ರಜೆ. ಯಾವ ಊರಲ್ಲಿ ಯಾರು ಹೆಚ್ಚು ಎಂದು ಜನಗಣತಿಯ ಲೆಕ್ಕದಿಂದ ತೀರ್ಮಾನಿಸುತ್ತಾರೆ. ಮ್ಯೂನಿಕ್‌ನವರು ಸ್ವಾತಂತ್ರ್ಯ ದಿನವನ್ನು ರಜೆಯಲ್ಲೇ ಆಚರಿಸುತ್ತಾರೆ, ನಾವು ಆಫೀಸಿನಲ್ಲಿರುತ್ತೇವೆ.

ಪ್ರೊಟೆಸ್ಟೆಂಟ್ ಉತ್ತರದಲ್ಲಿ ಮತ್ತು ಪೂರ್ವದಲ್ಲಿ ಅಕ್ಟೋಬರ್ 31 ರಜೆ. ಕ್ಯಾಥೊಲಿಕ್ ಪ್ರಭಾವದ ಐದು ರಾಜ್ಯಗಳಲ್ಲಿ ನವೆಂಬರ್ 1 ರಜೆ. ನಮ್ಮದೂ ಆ ಐದರಲ್ಲಿ ಸೇರಿದೆ. ರಾಜ್ಯೋತ್ಸವದ ದಿನವೇ ರಜೆ, ಎಷ್ಟು ಅನುಕೂಲ ಎಂದು ಹೊಸಬರು ಪ್ರತಿ ವರ್ಷ ಹೇಳುತ್ತಾರೆ. ಅನುಕೂಲವಿಲ್ಲ. ಅದು ಸತ್ತವರ ಸಮಾಧಿಗೆ ಹೋಗಿ ದೀಪ ಹಚ್ಚುವ ದಿನ, ಕಾನೂನಿನಲ್ಲಿ ‘ಮೌನ ದಿನ’. ಅಂದು ಕುಣಿತದ ಸಾರ್ವಜನಿಕ ಕಾರ್ಯಕ್ರಮಕ್ಕೆ ನಿರ್ಬಂಧವಿದೆ. ಡೊಳ್ಳು ಬಾರಿಸಿ, ಕೋಲಾಟ ಆಡಲು ಹಾಲ್ ಕೊಡುವವರು ಸಿಗುವುದಿಲ್ಲ. ನವೆಂಬರ್‌ನಲ್ಲೇ ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ ಮತ್ತು ಪ್ರೊಟೆಸ್ಟೆಂಟರ ಮೃತರ ಭಾನುವಾರವೂ ಬರುತ್ತವೆ. ಹಾಗಾಗಿ ಉಳಿದ ಶನಿವಾರಗಳಲ್ಲಿ ಒಂದನ್ನು ಹುಡುಕಿ ರಾಜ್ಯೋತ್ಸವ ಮಾಡುತ್ತೇವೆ. ‘ನವೆಂಬರ್ 1ಕ್ಕೆ ಮಾಡದ ಸಂಘ ಯಾಕೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಜಗಳ ತೆಗೆಯುವ ಮೊದಲು ಇದನ್ನು ಓದಿದರೆ ಉಪಕಾರ.

ನಮ್ಮನ್ನು ಯಾಕೆ ಕರೆದರು

1964ರಲ್ಲಿ ಎರಡೂ ಜರ್ಮನಿಗಳಲ್ಲಿ ಸೇರಿ ಸುಮಾರು 13 ಲಕ್ಷ 57 ಸಾವಿರ ಮಕ್ಕಳು ಹುಟ್ಟಿದರು. 2024ರಲ್ಲಿ ಹುಟ್ಟಿದ್ದು ಸುಮಾರು 6 ಲಕ್ಷ 77 ಸಾವಿರ, ಅಂದರೆ ಹೆಚ್ಚುಕಮ್ಮಿ ಅರ್ಧ. ಸತ್ತವರು 10 ಲಕ್ಷದ ಮೇಲೆ. 1972ರಿಂದ ಈಚೆಗೆ ಒಂದೇ ಒಂದು ವರ್ಷವೂ ಹುಟ್ಟು ಸಾವನ್ನು ಮೀರಿಲ್ಲ. ಹೆಣ್ಣೊಬ್ಬಳಿಗೆ ಸರಾಸರಿ 1.35 ಮಕ್ಕಳು. ನಮ್ಮಲ್ಲೂ ಕಥೆ ಬಹಳ ಬೇರೆಯಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಲೆಕ್ಕ 1.7ಕ್ಕೆ ಇಳಿದಿತ್ತು. ಅದೂ ಜನಸಂಖ್ಯೆ ಹಾಗೇ ಉಳಿಯಲು ಬೇಕಾದ 2.1ಕ್ಕಿಂತ ಕಮ್ಮಿಯೇ.

1964ರಲ್ಲಿ ಹುಟ್ಟಿದವರು ಈಗ ನಿವೃತ್ತಿಯ ಬಾಗಿಲಲ್ಲಿದ್ದಾರೆ. ಅವರಿಗೆ ಪಿಂಚಣಿಯ ವಯಸ್ಸು 67. ಅವರು ಕಾರ್ಖಾನೆ, ಆಸ್ಪತ್ರೆ, ಬಸ್ ಡಿಪೋ ಬಿಟ್ಟು ಹೊರಡುವಾಗ ಆ ಜಾಗ ತುಂಬಲು ಇಲ್ಲಿನ ಮಕ್ಕಳು ಸಾಲುವುದಿಲ್ಲ. ಜನಸಂಖ್ಯೆ ಇಷ್ಟಾದರೂ ಉಳಿದಿರುವುದು ಹೊರಗಿನಿಂದ ಬಂದವರಿಂದ. 2022ರಲ್ಲಿ ಯುಕ್ರೇನ್ ಯುದ್ಧದಿಂದಾಗಿ ಒಂದೇ ವರ್ಷದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದರು. ಈಗ ನಾಲ್ವರಲ್ಲಿ ಒಬ್ಬರು ತಾವೇ ವಲಸೆ ಬಂದವರು, ಇಲ್ಲವೇ ವಲಸೆ ಬಂದ ತಂದೆತಾಯಿಯ ಮಕ್ಕಳು. ಭಾರತದ ಪಾಸ್‌ಪೋರ್ಟ್ ಇರುವವರು 2010ರಲ್ಲಿ 50 ಸಾವಿರವೂ ಇರಲಿಲ್ಲ, 2023ರ ಕೊನೆಗೆ ಸುಮಾರು ಎರಡೂವರೆ ಲಕ್ಷ ಆದರು. 2024ರ ಅಕ್ಟೋಬರ್‌ನಲ್ಲಿ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಎಂದು ಸರ್ಕಾರ ಹೇಳಿತು. ಹಾಗೆಂದು ಎಲ್ಲರೂ ಕೈ ಚಾಚಿ ಕಾಯುತ್ತಿದ್ದಾರೆ ಅಂದುಕೊಳ್ಳಬೇಡಿ. ಜನ ಬೇಕು ಎಂಬ ಮಾತೂ ಕೇಳುತ್ತದೆ, ಇಷ್ಟೊಂದು ಜನ ಯಾಕೆ ಬಂದರು ಎಂಬ ಮಾತೂ ಕೇಳುತ್ತದೆ. ಎರಡೂ ಚುನಾವಣೆಯ ಮಾತೇ.

ಈ ಲೆಕ್ಕವೂ ಸಂಬಳದ ಚೀಟಿಗೆ ಬರುತ್ತದೆ. ಪಿಂಚಣಿಗೆ ಶೇ. 18.6, ಅರ್ಧ ನಿಮ್ಮದು, ಅರ್ಧ ಕಂಪನಿಯದ್ದು. ಇಂದು ನೀವು ಕಟ್ಟುವ ಹಣ ಇಂದಿನ ಅಜ್ಜ ಅಜ್ಜಿಯರಿಗೇ ಹೋಗುತ್ತದೆ. ವೃದ್ಧರ ಆರೈಕೆಯ ವಿಮೆಗೆ ಇನ್ನೊಂದು ಕಡಿತ. ಇದರಲ್ಲಿ ಒಂದು ಗುಟ್ಟಿದೆ: 23 ವರ್ಷ ದಾಟಿದ, ಮಕ್ಕಳಿಲ್ಲದವರಿಗೆ ಇದು ಹೆಚ್ಚು. 25ರೊಳಗಿನ ಮಕ್ಕಳು ಇಬ್ಬರು ಅಥವಾ ಹೆಚ್ಚಿದ್ದರೆ ಕಮ್ಮಿ. ಆದರೆ ನಿಮಗೆ ಮಕ್ಕಳಿದ್ದಾರೆ ಎಂದು ಕಂಪನಿಗೆ ಗೊತ್ತಿರಬೇಕಲ್ಲ. ಮಕ್ಕಳ ಜನನ ಪತ್ರವನ್ನು ತನ್ನಿ, ಇಲ್ಲಿ ಪ್ರಮಾಣಿತ ಅನುವಾದಕರಿಂದ ಜರ್ಮನ್‌ಗೆ ಮಾಡಿಸಿ ಎಚ್‌ಆರ್‌ಗೆ ಕೊಡಿ. ಅದೇ ಕಾಗದ ಮಕ್ಕಳ ಭತ್ಯೆಗೂ ಬೇಕು. 2025ರಲ್ಲಿ ಅದು ಮಗುವಿಗೆ ತಿಂಗಳಿಗೆ 255 ಯೂರೋ.

ಪೌರತ್ವದ ಬಗ್ಗೆ ಒಂದೇ ಮಾತು. 2024ರ ಜೂನ್ 27ರಿಂದ ಐದು ವರ್ಷಕ್ಕೆ ಅರ್ಜಿ ಹಾಕಬಹುದು, ಹಳೆಯ ಪೌರತ್ವ ಬಿಡಬೇಕು ಎಂದು ಜರ್ಮನಿ ಕೇಳುವುದಿಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು, ಆಮೇಲೆ ಬೇಕಿದ್ದರೆ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಮಾಡಿಸಬಹುದು.

ಕೇಳಲು ಹಿತವಲ್ಲದ ವಿಷಯವೂ ಒಂದಿದೆ. ಇಲ್ಲಿ ಯಾರಾದರೂ ತೀರಿಕೊಂಡರೆ ದಹನಕ್ಕೆ ಅಡ್ಡಿಯಿಲ್ಲ, ಜರ್ಮನರಲ್ಲೇ ಈಗ ಹೆಚ್ಚಿನವರು ಅದನ್ನೇ ಆರಿಸುತ್ತಾರೆ. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಚಿತಾಭಸ್ಮವನ್ನು ಮನೆಯಲ್ಲಿಡುವಂತಿಲ್ಲ, ಇಲ್ಲಿನ ಹೊಳೆಗೆ ಬಿಡುವಂತಿಲ್ಲ. ಶ್ರೀರಂಗಪಟ್ಟಣಕ್ಕೋ ಗೋಕರ್ಣಕ್ಕೋ ಒಯ್ಯಲು ಚಿತಾಗಾರದ ಪತ್ರ, ಮರಣ ಪತ್ರ ಮತ್ತು ನಮ್ಮ ಕಾನ್ಸುಲೇಟ್‌ನ ಕಾಗದ ಬೇಕು. ಶವಸಂಸ್ಕಾರದ ಸಂಸ್ಥೆಯವರಿಗೆ ಮೊದಲ ದಿನವೇ ಹೇಳಿ.

ಮಕ್ಕಳ ಶಾಲೆ

ಶಿಶುವಿಹಾರಕ್ಕೆ ಹೆಸರು ಬರೆಸುವಾಗ ಚರ್ಚಿನದ್ದು ಬೇಡ ಎಂದು ಪಟ್ಟು ಹಿಡಿಯಬೇಡಿ. ಇಲ್ಲಿ ಮೂರರಲ್ಲಿ ಒಂದು ಶಿಶುವಿಹಾರವನ್ನು ಚರ್ಚುಗಳೇ ನಡೆಸುತ್ತವೆ. ಹಣದ ಹೆಚ್ಚಿನ ಪಾಲು ಸರ್ಕಾರದ್ದು. ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ. ಊಟಕ್ಕೆ ಮುಂಚೆ ಚಿಕ್ಕ ಪ್ರಾರ್ಥನೆ, ನವೆಂಬರ್ 11ಕ್ಕೆ ಸಂತ ಮಾರ್ಟಿನ್ ಹೆಸರಲ್ಲಿ ಕಾಗದದ ಲಾಂದ್ರ ಹಿಡಿದು ಮೆರವಣಿಗೆ, ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ನಾಟಕ. ಅಷ್ಟರಿಂದ ಯಾವ ಮಗುವೂ ಮತ ಬದಲಿಸಿದ್ದನ್ನು ನಾವು ಕಂಡಿಲ್ಲ. ಜಾಗ ಸಿಗುವುದೇ ಕಷ್ಟವಿರುವಾಗ ಸಿಕ್ಕಿದ್ದನ್ನು ಹಿಡಿದುಕೊಳ್ಳಿ. ಊಟದ ವಿಷಯ ಮಾತ್ರ ಬರೆದು ಕೊಡಿ. ಸಸ್ಯಾಹಾರಿ ಅಂದರೆ ಮೀನು ತಿನ್ನಬಹುದು ಎಂದುಕೊಳ್ಳುವವರಿದ್ದಾರೆ. ಜೆಲ್ಲಿ ಮಿಠಾಯಿಯಲ್ಲಿ ಹಂದಿಯ ಜೆಲಾಟಿನ್ ಇರುತ್ತದೆ ಎಂದು ಅವರಿಗೆ ಹೊಳೆಯುವುದೇ ಇಲ್ಲ.

ಶಾಲೆಯಲ್ಲಿ ಧರ್ಮ ಒಂದು ವಿಷಯ, ಅಂಕವೂ ಉಂಟು. ಕ್ಯಾಥೊಲಿಕ್ ಮಕ್ಕಳು ಒಂದು ಕೋಣೆಗೆ, ಪ್ರೊಟೆಸ್ಟೆಂಟ್ ಮಕ್ಕಳು ಇನ್ನೊಂದಕ್ಕೆ, ಉಳಿದವರು ನೀತಿಪಾಠಕ್ಕೆ. ಪ್ರಾಥಮಿಕ ಶಾಲೆಯಲ್ಲಿ ಕೆಲವು ಕಡೆ ನೀತಿಪಾಠ ಇರುವುದಿಲ್ಲ, ಆ ಹೊತ್ತು ಮಗು ಗ್ರಂಥಾಲಯದಲ್ಲಿ ಸುಮ್ನೆ ಕೂತಿರುತ್ತದೆ. ಬೇಸರವಾದರೆ ಪ್ರೊಟೆಸ್ಟೆಂಟ್ ಪಾಠಕ್ಕೆ ಕೂರಿಸಲು ಟೀಚರನ್ನು ಕೇಳಬಹುದು, ಸಾಮಾನ್ಯವಾಗಿ ಒಪ್ಪುತ್ತಾರೆ.

ದೀಪಾವಳಿ, ಯುಗಾದಿ, ಈದ್‌ಗೆ ಶಾಲೆಗೆ ರಜೆ ಇಲ್ಲ. ಆದರೆ ಧಾರ್ಮಿಕ ಹಬ್ಬಕ್ಕೆ ಒಂದು ದಿನದ ಬಿಡುವು ಕೇಳುವ ಅವಕಾಶವಿದೆ. ಹಬ್ಬದ ತಾರೀಖು ಬರೆದು ಕ್ಲಾಸ್ ಟೀಚರಿಗೆ ಮೊದಲೇ ಕೊಡಬೇಕು. ಹುಷಾರಿಲ್ಲ ಎಂದು ಸುಳ್ಳು ಹೇಳುವುದು ಬೇಡ, ವಿಮಾನ ಟಿಕೆಟ್ ಅಗ್ಗ ಎಂದು ರಜೆಗೆ ಎರಡು ದಿನ ಮುಂಚೆ ಊರಿಗೆ ಹೊರಡುವುದಂತೂ ಬೇಡವೇ ಬೇಡ. ವಿಮಾನ ನಿಲ್ದಾಣದಲ್ಲಿ ಪೊಲೀಸರು ಶಾಲಾ ವಯಸ್ಸಿನ ಮಕ್ಕಳಿರುವ ಕುಟುಂಬಗಳನ್ನು ನಿಲ್ಲಿಸಿ ವಿಚಾರಿಸಿದ್ದುಂಟು, ದಂಡವೂ ಬೀಳುತ್ತದೆ. ಜರ್ಮನ್‌ನಲ್ಲಿ ಬರೆದ ಬಿಡುವಿನ ಪತ್ರದ ಮಾದರಿ ಸಂಘದ ಬಳಿ ಇದೆ. ಬೇಕಾದವರು ಹಬ್ಬಕ್ಕೆ ಮೂರು ವಾರ ಮುಂಚೆ ಕೇಳಿ.